ಶಾಲೆಯ ಹವೆ, ಹರೆಯದ ಮನಸ್ಸು

ಬೆಳೆಗೆ ಹವೆ ಎಷ್ಟು ಮುಖ್ಯವೆಂಬುದನ್ನು ಒಕ್ಕಲುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಕಣಜದ ಬೀಜವನ್ನು ಎರಡು ಹೊಲಗಳಲ್ಲಿ ಬಿತ್ತಿದಾಗ ಒಂದರಲ್ಲಿ ಪೈರು ಹುಲುಸಾಗಿಯೂ ಇನ್ನೊಂದರಲ್ಲಿ ಸೊರಗಿಯೂ ಬೆಳೆಯುವುದುಂಟು. ಆಗ ರೈತನು ಬೀಜವನ್ನಷ್ಟೇ ದೂರಿ ಸುಮ್ಮನಾಗುವುದಿಲ್ಲ. ಮಣ್ಣು, ನೀರು, ಬಿಸಿಲು, ಗಾಳಿ ಇವೆಲ್ಲವನ್ನೂ ಗಮನಿಸುತ್ತಾನೆ. ಆದರೆ ಶಾಲೆಯಲ್ಲಿ ಒಬ್ಬ ಹುಡುಗನು ಮಂಕಾದರೆ, ಒಬ್ಬ ಹುಡುಗಿಯು ಮಾತು ಬಿಟ್ಟು ಮೂಲೆ ಹಿಡಿದರೆ, ಈ ವಿವೇಕವನ್ನು ನಾವು ಮರೆಯುತ್ತೇವೆ. ‘ಸೋಮಾರಿ’, ‘ದಡ್ಡ’, ‘ಹಟಮಾರಿ’ ಎಂದು ಬೀಜಕ್ಕೇ ಹೆಸರಿಟ್ಟು ಮುಂದಿನ ಪಾಠಕ್ಕೆ ಹೋಗುತ್ತೇವೆ.

ಶಾಲೆಗೂ ಒಂದು ಹವೆಯುಂಟೆ? ಉಂಟಾದರೆ ಅದನ್ನು ಅಳೆಯಲು ಸಾಧ್ಯವೆ? ಅಳೆದ ಮೇಲೆ, ವೈದ್ಯರಾಗಲಿ ಹಣವಾಗಲಿ ಸಾಲದ ಹಳ್ಳಿಗಾಡಿನಲ್ಲಿ ಅದನ್ನು ಬದಲಾಯಿಸಬಹುದೆ? ಬದಲಾಯಿಸಿದರೆ ಹರೆಯದವರ ಮನಸ್ಸಿನ ಆರೋಗ್ಯ ಸುಧಾರಿಸುವುದೆ? ಈ ಪ್ರಶ್ನೆಗಳಿಗೆ ಬಿಹಾರ ರಾಜ್ಯದ ನಾಲಂದಾ ಜಿಲ್ಲೆಯಲ್ಲಿ ನಡೆದ ಒಂದು ದೊಡ್ಡ ಪ್ರಯೋಗವು ಬೆಲೆಯುಳ್ಳ ಉತ್ತರವನ್ನು ಕೊಟ್ಟಿದೆ. ಆ ಪ್ರಯೋಗವನ್ನು ಅರಿಯುವುದೇ ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಹರೆಯದ ಮಿದುಳಿನ ಬಗೆಗೆ ಎರಡು ಮಾತುಗಳು ಅವಶ್ಯ.

ಹರೆಯದಲ್ಲಿ ಮಿದುಳು

ಹತ್ತನೆಯ ವಯಸ್ಸಿನಿಂದ ಹತ್ತೊಂಬತ್ತರವರೆಗಿನ ಕಾಲವನ್ನು ವಿಶ್ವ ಆರೋಗ್ಯ ಸಂಸ್ಥೆಯು ಹದಿಹರೆಯವೆಂದು ಗಣಿಸುತ್ತದೆ. ಈ ಅವಧಿಯಲ್ಲಿ ಎತ್ತರ, ದನಿ, ಮುಖಚರ್ಯೆಗಳು ಬದಲಾಗುವುದನ್ನು ಎಲ್ಲರೂ ಕಾಣುತ್ತಾರೆ. ಮಿದುಳಿನೊಳಗೆ ನಡೆಯುವ ಬದಲಾವಣೆ ಕಣ್ಣಿಗೆ ಬೀಳದು. ಆದರೆ ಅದು ಅಷ್ಟೇ ಗಂಭೀರವಾದದ್ದು.

ನಮ್ಮ ಮಿದುಳು ನರಕೋಶಗಳ ಒಂದು ಜಾಲ. ಬಾಲ್ಯದಲ್ಲಿ ಈ ಕೋಶಗಳ ನಡುವೆ ಬೇಕಾದದ್ದಕ್ಕಿಂತ ಹೆಚ್ಚು ಸಂಪರ್ಕಗಳು ಏರ್ಪಟ್ಟಿರುತ್ತವೆ. ಹರೆಯದಲ್ಲಿ, ಬಳಕೆಯಲ್ಲಿರುವ ಸಂಪರ್ಕಗಳು ಬಲಗೊಂಡು ಬಳಕೆಯಿಲ್ಲದವು ಕಳಚಿಹೋಗುತ್ತವೆ. ತೋಟಗಾರನು ಗಿಡವನ್ನು ಸವರುವಂತಹ ಕೆಲಸವಿದು. ಜೊತೆಗೆ, ನರತಂತುಗಳ ಸುತ್ತ ಮೈಲಿನ್ ಎಂಬ ಕೊಬ್ಬಿನ ಕವಚವು ಬೆಳೆಯುತ್ತದೆ. ಕವಚವಿಲ್ಲದ ಸಣ್ಣ ತಂತುವಿನಲ್ಲಿ ಸಂಕೇತವು ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ಸಾಗಿದರೆ, ಕವಚವುಳ್ಳ ದಪ್ಪ ತಂತುವಿನಲ್ಲಿ ಆ ವೇಗವು 100 ಮೀಟರಿನವರೆಗೂ ಏರಬಲ್ಲುದು.

ಆದರೆ ಈ ಕಾಮಗಾರಿಯು ಎಲ್ಲ ಭಾಗಗಳಲ್ಲಿಯೂ ಒಟ್ಟಿಗೆ ಮುಗಿಯುವುದಿಲ್ಲ. ಭಯ, ಕೋಪ, ಸಂತೋಷಗಳಿಗೆ ಸಂಬಂಧಿಸಿದ ಒಳಭಾಗಗಳು ಮೊದಲು ಚುರುಕಾಗುತ್ತವೆ. ಮುಂದಾಲೋಚನೆ, ಸಂಯಮ, ಹಿಂದುಮುಂದಿನ ವಿಚಾರ ಇವುಗಳಿಗೆ ಆಧಾರವಾದ ಹಣೆಯ ಹಿಂದಿನ ಭಾಗವು ಪಕ್ವವಾಗಲು ಇಪ್ಪತ್ತೈದನೆಯ ವಯಸ್ಸಿನ ಆಸುಪಾಸಿನವರೆಗೂ ಕಾಲ ಹಿಡಿಯುತ್ತದೆ. ಆದುದರಿಂದ ಹದಿನೈದರ ಹರೆಯದಲ್ಲಿ ಭಾವನೆಯ ಬೇಗುದಿ ಹೆಚ್ಚು, ಅದನ್ನು ತಡೆಹಿಡಿಯುವ ಶಕ್ತಿ ಕಡಿಮೆ. ಇದು ನಡತೆಯ ದೋಷವಲ್ಲ, ಬೆಳವಣಿಗೆಯ ಕ್ರಮ.

ಇನ್ನು ಒತ್ತಡದ ವಿಷಯ. ನಾವು ಅಪಾಯವನ್ನು ಕಂಡಾಗ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಒಂದು ರಾಸಾಯನಿಕ ಸಂದೇಶವನ್ನು ಪಿಟ್ಯುಟರಿ ಗ್ರಂಥಿಗೆ ಕಳುಹಿಸುತ್ತದೆ. ಅದು ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ಆಜ್ಞೆ ಕೊಡುತ್ತದೆ. ಅಲ್ಲಿಂದ ಹೊರಡುವ ಕಾರ್ಟಿಸಾಲ್ ಎಂಬ ದ್ರವ್ಯವು ರಕ್ತದಲ್ಲಿ ಸಕ್ಕರೆಯನ್ನು ಹೆಚ್ಚಿಸಿ ದೇಹವನ್ನು ಎಚ್ಚರದ ಸ್ಥಿತಿಗೆ ತರುತ್ತದೆ. ಕಾರ್ಟಿಸಾಲ್ ಸಾಕಷ್ಟು ಏರಿದೊಡನೆ ಅದೇ ಹೈಪೊಥಲಾಮಸಿಗೆ ‘ಇನ್ನು ಸಾಕು’ ಎಂಬ ಸೂಚನೆಯೂ ಮುಟ್ಟುತ್ತದೆ. ವಿದ್ಯುತ್ ಇಸ್ತ್ರಿಪೆಟ್ಟಿಗೆಯಲ್ಲಿರುವ ಥರ್ಮೊಸ್ಟಾಟ್ ಕಾವು ಮಿತಿಮೀರಿದಾಗ ವಿದ್ಯುತ್ತನ್ನು ಕಡಿದುಹಾಕುವಂತೆಯೇ ಇದು. ಪರೀಕ್ಷೆಯ ದಿನದ ಗಾಬರಿ ಸಂಜೆಯ ಹೊತ್ತಿಗೆ ಇಳಿಯುವುದು ಈ ಏರ್ಪಾಡಿನಿಂದ. ಆದರೆ ಬೆದರಿಕೆಯು ದಿನದಿನವೂ ಇದ್ದರೆ, ಅಂದರೆ ಮನೆಯಲ್ಲಿ ಕುಡಿತ ಮತ್ತು ಜಗಳ, ದಾರಿಯಲ್ಲಿ ಚುಡಾಯಿಸುವವರು, ತರಗತಿಯಲ್ಲಿ ಬೆತ್ತ ಮತ್ತು ಅವಮಾನ ಇವು ಬಿಡದೆ ಕಾಡಿದರೆ, ಈ ಹತೋಟಿಯು ಕೆಡುತ್ತದೆ. ನಿದ್ರೆ, ಹಸಿವು, ನೆನಪು, ಏಕಾಗ್ರತೆ ಇವೆಲ್ಲವೂ ಅದರೊಡನೆ ಕೆಡುತ್ತವೆ. ಹೊರಗಿನ ಹವೆ ಒಳಗಿನ ರಸಾಯನವನ್ನು ಬದಲಾಯಿಸುವ ಮಾರ್ಗಗಳಲ್ಲಿ ಇದೊಂದು.

ದುಗುಡವೆಲ್ಲ ರೋಗವಲ್ಲ

ಹಾಗೆಂದು ಪ್ರತಿಯೊಂದು ದುಗುಡವನ್ನೂ ರೋಗವೆಂದು ಎಣಿಸಬಾರದು. ಪರೀಕ್ಷೆಯಲ್ಲಿ ಸೋತಾಗ, ಗೆಳೆಯನು ಅಗಲಿದಾಗ ದುಃಖವಾಗುವುದು ಸಹಜ. ದಿನ ಕಳೆದಂತೆ ಅದು ಇಳಿಯುತ್ತದೆ. ಎರಡು ವಾರಗಳಾದರೂ ಇಳಿಯದೆ, ಹೆಚ್ಚುಕಡಿಮೆ ಪ್ರತಿದಿನವೂ ಮುಂದುವರಿದು, ಓದು, ಆಟ, ಊಟ, ನಿದ್ರೆಗಳನ್ನು ಕೆಡಿಸಿದರೆ ಅದು ಖಿನ್ನತೆಯ ಲಕ್ಷಣವಾಗಿರಬಹುದು. ಇದನ್ನು ಗುರುತಿಸಲು ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿಯು ಪ್ರಪಂಚದ ಅನೇಕ ಕಡೆ ಬಳಕೆಯಲ್ಲಿದೆ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲಿಯೂ ಆಸಕ್ತಿ ಇಲ್ಲದಿದ್ದುದು, ನಿದ್ರೆ ಕೆಟ್ಟದ್ದು, ಸುಸ್ತು, ತಾನು ಕೆಲಸಕ್ಕೆ ಬಾರದವನೆಂಬ ಭಾವ ಮುಂತಾದವು ಎಷ್ಟು ದಿನ ಕಾಡಿದುವೆಂದು ಅದು ಕೇಳುತ್ತದೆ. ಪ್ರತಿ ಪ್ರಶ್ನೆಗೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಜ್ವರಮಾಪಕವು ಜ್ವರದ ಕಾರಣವನ್ನು ಹೇಳದಿದ್ದರೂ ಅದರ ಮಟ್ಟವನ್ನು ತಿಳಿಸುವಂತೆ ಈ ಪಟ್ಟಿಯೂ ಸ್ಥೂಲವಾದ ಒಂದು ಅಳತೆಯನ್ನು ಕೊಡುತ್ತದೆ. ರೋಗವನ್ನು ನಿರ್ಧರಿಸುವ ಕೆಲಸ ವೈದ್ಯರದು.

ಪ್ರಪಂಚದಲ್ಲಿ ಹದಿಹರೆಯದ ಏಳು ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ದೇಶದಲ್ಲಿ 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 13ರಿಂದ 17 ವರ್ಷದವರಲ್ಲಿ ಇಂತಹ ತೊಂದರೆಯುಳ್ಳವರು ಶೇಕಡಾ 7.3. ಮಹಾನಗರಗಳಲ್ಲಿ ಇದು ಶೇಕಡಾ 13.5, ಗ್ರಾಮಾಂತರದಲ್ಲಿ ಶೇಕಡಾ 6.9. ಹಳ್ಳಿಯ ಅಂಕಿ ಚಿಕ್ಕದೆಂದು ನಾವು ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. ಮುನ್ನೂರು ಮಕ್ಕಳಿರುವ ಒಂದು ಹಳ್ಳಿಯ ಪ್ರೌಢಶಾಲೆಯನ್ನು ಊಹಿಸಿಕೊಳ್ಳಿರಿ. ಶೇಕಡಾ 6.9 ಎಂದರೆ ಸುಮಾರು ಇಪ್ಪತ್ತು ಮಕ್ಕಳಾದರು. ಈ ಇಪ್ಪತ್ತು ಮಂದಿಗೆ ಎಲ್ಲಿ ನೆರವು ದೊರೆತೀತು? ಭಾರತದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಇರುವವರಲ್ಲಿ ಹೆಚ್ಚಿನವರು ಪಟ್ಟಣಗಳಲ್ಲಿದ್ದಾರೆ. ಬಸ್ಸಿನ ಖರ್ಚು, ಒಂದು ದಿನದ ಕೂಲಿಯ ನಷ್ಟ, ಇವೆಲ್ಲಕ್ಕಿಂತ ಮಿಗಿಲಾಗಿ ‘ತಲೆ ಕೆಟ್ಟಿದೆ’ ಎಂದು ಊರು ಆಡಿಕೊಂಡೀತೆಂಬ ಅಂಜಿಕೆ, ಇವು ದಾರಿಗೆ ಅಡ್ಡ ನಿಲ್ಲುತ್ತವೆ.

ಹೀಗಿರುವಲ್ಲಿ ವೈದ್ಯರು ಬರುವವರೆಗೆ ಕಾಯುವುದೊಂದೇ ಮಾರ್ಗವೆ? ಹಳ್ಳಿಯ ಹರೆಯದವರಲ್ಲಿ ಹೆಚ್ಚಿನವರು ದಿನವೂ ಒಂದೆಡೆ ಸೇರುವ ಸ್ಥಳ ಶಾಲೆ. ಅಲ್ಲಿಗೆ ಹೋಗಲು ಯಾರೂ ನಾಚಬೇಕಾಗಿಲ್ಲ. ಆದುದರಿಂದ ಶಾಲೆಯಲ್ಲಿಯೇ ನೆರವನ್ನು ಒದಗಿಸಬಾರದೇಕೆ ಎಂಬ ಆಲೋಚನೆ ಹುಟ್ಟಿತು.

ನಾಲಂದಾ ಜಿಲ್ಲೆಯ ಪ್ರಯೋಗ

ನಾಲಂದಾ ಎಂದೊಡನೆ ನಮಗೆ ಪ್ರಾಚೀನ ವಿದ್ಯಾಪೀಠದ ನೆನಪಾಗುತ್ತದೆ. ಆ ಅವಶೇಷಗಳ ಸುತ್ತಲಿನ ಇಂದಿನ ಜಿಲ್ಲೆ ವ್ಯವಸಾಯವನ್ನೇ ನಂಬಿದ ಹಳ್ಳಿಗಳ ನಾಡು. ಅಲ್ಲಿನ ಸರ್ಕಾರಿ ಪ್ರೌಢಶಾಲೆಗಳ ಒಂಬತ್ತನೆಯ ತರಗತಿಯ ಮಕ್ಕಳನ್ನು ಕುರಿತು, ಗೋವೆಯಲ್ಲಿ 1996ರಲ್ಲಿ ಆರಂಭವಾದ ಸಂಗಾತ್ ಎಂಬ ಸಂಸ್ಥೆಯ ಸಂಶೋಧಕರು 2015ರಲ್ಲಿ ಒಂದು ಪ್ರಯೋಗವನ್ನು ಕೈಗೊಂಡರು. ಸಚಿನ್ ಶಿಂದೆ, ವಿಕ್ರಮ್ ಪಟೇಲ್ ಮೊದಲಾದವರು ಇದರ ಮುಖ್ಯ ಸಂಶೋಧಕರು. ಪ್ರಯೋಗಕ್ಕೆ ‘ಸೆಹರ್’ ಎಂದು ಹೆಸರು. ಉರ್ದುವಿನಲ್ಲಿ ಈ ಮಾತಿಗೆ ಬೆಳಗಿನ ಜಾವವೆಂದು ಅರ್ಥ.

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವು ಒಂದು ಪರಿಮಾಣವನ್ನು ಬದಲಾಯಿಸುವಾಗ ಉಳಿದವುಗಳನ್ನು ಸ್ಥಿರವಾಗಿರಿಸುತ್ತೇವೆ. ಶಾಲೆಗಳನ್ನು ಹಾಗೆ ಸ್ಥಿರವಾಗಿರಿಸುವುದು ಸಾಧ್ಯವಿಲ್ಲ. ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಒಳ್ಳೆಯವರು. ಇನ್ನೊಂದರಲ್ಲಿ ಮಳೆಗೆ ಮಾಡು ಸೋರುತ್ತದೆ. ಮತ್ತೊಂದು ಊರಲ್ಲಿ ಆ ವರ್ಷ ಬರಗಾಲ. ಈ ತೊಡಕನ್ನು ಕಳೆಯಲು ಸಂಖ್ಯಾಶಾಸ್ತ್ರವು ಸರಳವಾದ ಒಂದು ಉಪಾಯವನ್ನು ತೋರಿಸಿದೆ: ಚೀಟಿ ಎತ್ತುವುದು. ಹಲವಾರು ಶಾಲೆಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿದರೆ, ಒಳ್ಳೆಯ ಶಾಲೆಗಳೂ ಕೆಟ್ಟ ಶಾಲೆಗಳೂ ಎಲ್ಲ ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಸಮನಾಗಿ ಬೀಳುತ್ತವೆ. ಆ ಬಳಿಕ ಗುಂಪುಗಳ ನಡುವೆ ದೊಡ್ಡ ವ್ಯತ್ಯಾಸ ಕಂಡರೆ, ಅದಕ್ಕೆ ನಾವು ಮಾಡಿದ ಬದಲಾವಣೆಯೇ ಕಾರಣವೆಂದು ಹೇಳಲು ಆಧಾರ ದೊರೆಯುತ್ತದೆ.

ನಾಲಂದಾದಲ್ಲಿ 75 ಶಾಲೆಗಳನ್ನು ಆಯ್ದು ಹೀಗೆ ಮೂರು ಗುಂಪುಗಳಿಗೆ ಹಂಚಲಾಯಿತು. ಆರಂಭದಲ್ಲಿಯೇ ಒಂದು ಶಾಲೆ ಹಿಂದೆ ಸರಿದುದರಿಂದ 74 ಉಳಿದುವು. ‘ತರಂಗ್’ ಎಂಬ ಜೀವನಕೌಶಲದ ಪಾಠಕ್ರಮವು ಮೂರು ಗುಂಪುಗಳಿಗೂ ಸಮಾನವಾಗಿತ್ತು. ಮೊದಲನೆಯ ಗುಂಪಿಗೆ ಅಷ್ಟೇ. ಎರಡನೆಯ ಗುಂಪಿನಲ್ಲಿ, ಪ್ರತಿ ಶಾಲೆಯ ಒಬ್ಬ ಉಪಾಧ್ಯಾಯರಿಗೆ ತರಬೇತಿ ಕೊಟ್ಟು ಹೊಸ ಕಾರ್ಯಕ್ರಮವನ್ನು ನಡೆಸುವ ಹೊಣೆಯನ್ನು ವಹಿಸಲಾಯಿತು. ಮೂರನೆಯ ಗುಂಪಿನಲ್ಲಿ ಅದೇ ಕಾರ್ಯಕ್ರಮವನ್ನೇ ನಡೆಸಲು ಪ್ರತಿ ಶಾಲೆಗೂ ಹೊರಗಿನಿಂದ ಒಬ್ಬೊಬ್ಬರನ್ನು ನೇಮಿಸಲಾಯಿತು. ಇವರು ಮನೋವೈದ್ಯರಲ್ಲ, ವೃತ್ತಿನಿರತ ಮನಶ್ಶಾಸ್ತ್ರಜ್ಞರೂ ಅಲ್ಲ. ಈ ಕೆಲಸಕ್ಕಾಗಿಯೇ ತರಬೇತಿ ಪಡೆದ ಸಾಮಾನ್ಯ ಜನ. ಇವರನ್ನು ‘ಮಿತ್ರ’ ಎಂದು ಕರೆದರು. ಪಾಠ ಹೇಳುವುದಾಗಲಿ, ಅಂಕ ಕೊಡುವುದಾಗಲಿ, ಹಾಜರಿ ಕರೆಯುವುದಾಗಲಿ ಮಿತ್ರರ ಕೆಲಸವಾಗಿರಲಿಲ್ಲ. ಆರಂಭದಲ್ಲಿ ಹದಿಮೂರು ಸಾವಿರ ಮಕ್ಕಳು ಪ್ರಶ್ನಾವಳಿಗಳಿಗೆ ಉತ್ತರ ಕೊಟ್ಟರು. ಸುಮಾರು ಎಂಟು ತಿಂಗಳ ತರುವಾಯ ಮತ್ತೆ ಅಳತೆ ನಡೆಯಿತು.

ಮಿತ್ರರು ಮಾಡಿದ್ದೇನು?

ಮಿತ್ರರ ಸಲಕರಣೆಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಅವುಗಳಲ್ಲಿ ಬೆಲೆಬಾಳುವ ಯಂತ್ರವೊಂದೂ ಇಲ್ಲ.

ಶಾಲೆಯಲ್ಲಿ ಒಂದು ಪೆಟ್ಟಿಗೆಯನ್ನಿಟ್ಟರು. ಹೇಳಲು ಬಾಯಿ ಬಾರದ ಸಂಗತಿಯನ್ನು ಮಗುವು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕಬಹುದು. ಹೆಸರು ಬರೆಯಲೇಬೇಕೆಂಬ ನಿರ್ಬಂಧವಿಲ್ಲ. ಗೋಡೆಯ ಮೇಲೆ ತಿಂಗಳಿಗೊಂದು ಪತ್ರಿಕೆಯನ್ನು ಮಕ್ಕಳಿಂದಲೇ ಬರೆಯಿಸಿದರು. ಬೆಳಗಿನ ಪ್ರಾರ್ಥನೆಯ ಸಭೆಯಲ್ಲಿ ಆರೋಗ್ಯ, ಕೀಟಲೆ, ಮಾದಕ ವಸ್ತುಗಳು, ಗಂಡುಹೆಣ್ಣಿನ ಸಮಾನತೆ ಇವುಗಳ ಬಗೆಗೆ ಮಾತು ನಡೆಯಿತು. ಸ್ಪರ್ಧೆಗಳನ್ನು ಏರ್ಪಡಿಸಿದರು. ಮಕ್ಕಳಿಂದಲೇ ಒಂದು ಗೆಳೆಯರ ಗುಂಪು ರಚಿತವಾಯಿತು. ಮುಖ್ಯೋಪಾಧ್ಯಾಯರು, ಉಪಾಧ್ಯಾಯರು, ಮಕ್ಕಳು ಮೊದಲಾದವರು ಕುಳಿತು ವಿಚಾರಿಸುವ ಆರೋಗ್ಯ ಸಮಿತಿಯೊಂದು ಸ್ಥಾಪಿತವಾಯಿತು. ಬಲವಂತರು ಬಡಪಾಯಿಗಳನ್ನು ಕಾಡಬಾರದೆಂಬ ನಿಯಮವನ್ನು ಶಾಲೆಯ ನಿಯಮವಾಗಿ ತರುವ ಪ್ರಯತ್ನವಾಯಿತು. ಇಷ್ಟಲ್ಲದೆ, ಬೇಕೆನಿಸಿದ ಮಗುವು ಒಬ್ಬಂಟಿಯಾಗಿ ಬಂದು ಮಿತ್ರರೊಡನೆ ಮಾತನಾಡಲು ಅವಕಾಶವಿತ್ತು.

ಇವುಗಳಲ್ಲಿ ಪೆಟ್ಟಿಗೆಯ ವಿಷಯವನ್ನು ಸ್ವಲ್ಪ ವಿಚಾರಮಾಡೋಣ. ಮರದ ಪೆಟ್ಟಿಗೆಯೊಂದನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದು ಯಾವ ಶಾಲೆಗೂ ಕಷ್ಟವಲ್ಲ. ಆದರೆ ಅದನ್ನು ತೆರೆಯುವವರಿಲ್ಲದಿದ್ದರೆ ಅದರಲ್ಲಿ ಧೂಳು ತುಂಬುತ್ತದೆ. ತೆರೆದು ಓದಿ ಏನನ್ನೂ ಮಾಡದಿದ್ದರೆ ‘ಹೇಳಿ ಪ್ರಯೋಜನವಿಲ್ಲ’ ಎಂಬ ಪಾಠವನ್ನು ಮಗು ಕಲಿಯುತ್ತದೆ. ಓದಿದವರು ಅಕ್ಷರದ ಮೋಡಿಯಿಂದ ಬರೆದವರನ್ನು ಪತ್ತೆಮಾಡಿ ಗದರಿಸಿದರಂತೂ ಆ ಶಾಲೆಯಲ್ಲಿ ಇನ್ನಾರೂ ಬಾಯಿ ತೆರೆಯರು. ಪೆಟ್ಟಿಗೆಗೆ ಗುಣ ಬರುವುದು ಅದನ್ನು ತೆರೆಯುವ ಕೈಯಿಂದ.

ಅಳತೆ ಏನನ್ನು ಹೇಳಿತು?

ಶಾಲೆಯ ಹವೆಯನ್ನು ಅಳೆಯಲು ಪ್ರಶ್ನಾವಳಿಯೊಂದನ್ನು ಬಳಸಿದರು. ಉಪಾಧ್ಯಾಯರೊಡನೆ ಸಂಬಂಧ ಹೇಗಿದೆ, ಸಹಪಾಠಿಗಳೊಡನೆ ಹೇಗಿದೆ, ಶಾಲೆಯು ತನ್ನದೆಂಬ ಭಾವನೆ ಇದೆಯೆ, ಕೆಲಸಗಳಲ್ಲಿ ತನಗೂ ಪಾಲು ಇದೆಯೆ ಎಂಬುವನ್ನು ಅದು ಮಕ್ಕಳಿಂದಲೇ ಕೇಳುತ್ತದೆ. 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು.

ಮಿತ್ರರಿದ್ದ ಶಾಲೆಗಳ ಸರಾಸರಿಗೂ ಮೊದಲನೆಯ ಗುಂಪಿನ ಸರಾಸರಿಗೂ ಇದ್ದ ಅಂತರವು 1.88 ‘ಮಾನಕ ವಿಚಲನೆ’ಗಳಷ್ಟಿತ್ತು. ಮಾನಕ ವಿಚಲನೆಯೆಂದರೇನು? ಒಂದು ತರಗತಿಯ ಮಕ್ಕಳೆಲ್ಲರ ಎತ್ತರವನ್ನು ಅಳೆದರೆ ಕೆಲವರು ಸರಾಸರಿಗಿಂತ ಮೇಲೆ, ಕೆಲವರು ಕೆಳಗೆ ಇರುತ್ತಾರೆ. ಈ ಹರಡುವಿಕೆಯ ಅಳತೆಗೆ ಆ ಹೆಸರು. ಎರಡು ಗುಂಪುಗಳ ಅಂತರವನ್ನು ಈ ಹರಡುವಿಕೆಯಿಂದ ಭಾಗಿಸಿದರೆ ಅಂತರವು ಎಷ್ಟು ಗಣನೀಯವೆಂಬುದು ತಿಳಿಯುತ್ತದೆ. ಇಂತಹ ಸಾಮಾಜಿಕ ಪ್ರಯೋಗಗಳಲ್ಲಿ 0.2 ಬಂದರೆ ಚಿಕ್ಕದು, 0.8 ಬಂದರೆ ದೊಡ್ಡದು ಎಂಬ ರೂಢಿಯಿದೆ. 1.88 ಬಹು ದೊಡ್ಡದು.

ಹಿಂಸೆಯೂ ತಗ್ಗಿತು. ಹಿಂಸೆಗೆ ಗುರಿಯಾದವರಿಗೂ ಆಗದವರಿಗೂ ಇರುವ ಅನುಪಾತವನ್ನು ತೆಗೆದುಕೊಂಡರೆ, ಮೊದಲನೆಯ ಗುಂಪಿನಲ್ಲಿ ಅದು 1 ಇರುವ ಕಡೆ ಮಿತ್ರರ ಶಾಲೆಗಳಲ್ಲಿ 0.62ಕ್ಕೆ ಇಳಿದಿತ್ತು. ಕೀಟಲೆ ಕಾಟಗಳು ಕಡಿಮೆಯಾದುವು. ಖಿನ್ನತೆಯ 27 ಅಂಕಗಳ ಪಟ್ಟಿಯಲ್ಲಿ ಮಿತ್ರರ ಶಾಲೆಗಳ ಸರಾಸರಿಯು ಸುಮಾರು 1.23 ಅಂಕದಷ್ಟು ಕೆಳಗಿತ್ತು.

‘ಇಪ್ಪತ್ತೇಳರಲ್ಲಿ ಒಂದೂಕಾಲು ಅಂಕವೆ? ಇದೇನು ಮಹಾ?’ ಎಂದು ವಾಚಕರು ಕೇಳಬಹುದು. ಒಬ್ಬ ರೋಗಿಯ ವಿಷಯದಲ್ಲಿ ಅದು ಚಿಕ್ಕದೇ ಸರಿ. ಆದರೆ ಒಂದು ಲೋಟ ನೀರನ್ನು ಒಂದು ಡಿಗ್ರಿ ಕಾಯಿಸುವುದಕ್ಕೂ ಒಂದು ಕೆರೆಯ ನೀರನ್ನೆಲ್ಲ ಒಂದು ಡಿಗ್ರಿ ಕಾಯಿಸುವುದಕ್ಕೂ ಇರುವ ಅಂತರವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಇಲ್ಲಿ ಸರಾಸರಿ ಇಳಿದದ್ದು ರೋಗಿಗಳದ್ದಷ್ಟೇ ಅಲ್ಲ. ಕ್ಷೇಮವಾಗಿದ್ದವರೂ ಸೇರಿದಂತೆ ಸಾವಿರಾರು ಮಕ್ಕಳದ್ದು. ಇಡೀ ಕೆರೆಯ ಮಟ್ಟ ಅಷ್ಟು ಇಳಿಯಬೇಕಾದರೆ ಎಷ್ಟೋ ಮಕ್ಕಳ ಹೊರೆ ಹಗುರವಾಗಿರಬೇಕು.

ಎರಡನೆಯ ವರ್ಷವೂ ಕಾರ್ಯಕ್ರಮ ಮುಂದುವರಿಯಿತು. 2020ರಲ್ಲಿ ಪ್ರಕಟವಾದ ವರದಿಯಂತೆ ಮಿತ್ರರ ಶಾಲೆಗಳಲ್ಲಿ ಪರಿಣಾಮವು ಕುಗ್ಗಲಿಲ್ಲ, ಹೆಚ್ಚಿತು. ಮಕ್ಕಳು ತಮ್ಮ ಬಗೆಗೆ ತಾವೇ ಕೊಟ್ಟ ಉತ್ತರಗಳನ್ನು ಈ ಅಳತೆಗಳು ಆಧರಿಸಿವೆ ಎಂಬುದನ್ನು ಮರೆಯಬಾರದು. ಮಿತ್ರರ ಮೇಲಿನ ಪ್ರೀತಿಯಿಂದ ಕೆಲವರು ಒಂದು ಅಂಕ ಹೆಚ್ಚಿಗೆ ಹಾಕಿರಲೂಬಹುದು. ಅದನ್ನು ಕಳೆದರೂ ಉಳಿಯುವ ಅಂತರ ಅಲ್ಪವಾದುದೆಂದು ಹೇಳಲಾಗದು.

ಉಪಾಧ್ಯಾಯರ ಶಾಲೆಗಳಲ್ಲಿ ಏನಾಯಿತು?

ಈ ಪ್ರಯೋಗದ ಅತ್ಯಂತ ಸ್ವಾರಸ್ಯವಾದ ಭಾಗ ಇನ್ನು ಮುಂದಿನದು. ಅದೇ ಕಾರ್ಯಕ್ರಮವನ್ನು ಉಪಾಧ್ಯಾಯರು ನಡೆಸಿದ ಎರಡನೆಯ ಗುಂಪಿನಲ್ಲಿ ಶಾಲೆಯ ಹವೆಯು ಬದಲಾಗಲೇ ಇಲ್ಲ. ಜೀವನಕೌಶಲದ ಪಾಠವಷ್ಟೇ ಇದ್ದ ಮೊದಲನೆಯ ಗುಂಪಿಗೂ ಇದಕ್ಕೂ ಇದ್ದ ವ್ಯತ್ಯಾಸ ಸೊನ್ನೆಗೆ ಸಮೀಪ. ಎರಡನೆಯ ವರ್ಷವೂ ಹಾಗೆಯೇ ಆಯಿತು.

ಇದರಿಂದ ಉಪಾಧ್ಯಾಯರು ಅಯೋಗ್ಯರೆಂದು ತೀರ್ಮಾನಿಸುವುದು ಅನ್ಯಾಯ. ಹಳ್ಳಿಯ ಶಾಲೆಯ ಉಪಾಧ್ಯಾಯರ ದಿನಚರಿಯನ್ನು ನೋಡಿರಿ. ಒಂದಕ್ಕಿಂತ ಹೆಚ್ಚು ವಿಷಯಗಳ ಪಾಠ, ಉತ್ತರಪತ್ರಿಕೆಗಳ ರಾಶಿ, ಮಧ್ಯಾಹ್ನದ ಊಟದ ಲೆಕ್ಕ, ಚುನಾವಣೆ ಮತ್ತು ಗಣತಿಯ ಕೆಲಸ, ಮೇಲಿನಿಂದ ಬರುವ ನಮೂನೆಗಳ ಭರ್ತಿ. ಇವುಗಳ ಮೇಲೆ ಇನ್ನೊಂದು ಹೊರೆಯನ್ನಿಟ್ಟರೆ ಅದು ಕೊನೆಯ ಸಾಲಿಗೆ ಸರಿಯುವುದು ಸ್ವಾಭಾವಿಕ. ಇದಕ್ಕಿಂತ ಮೂಲಭೂತವಾದ ಮತ್ತೊಂದು ಕಾರಣವೂ ಉಂಟು. ಯಾರು ನಾಳೆ ನನಗೆ ಅಂಕ ಕೊಡುವರೋ, ಯಾರು ತಪ್ಪಿಗೆ ಶಿಕ್ಷಿಸುವರೋ, ಯಾರು ಸಂತೆಯಲ್ಲಿ ನನ್ನ ತಂದೆಯನ್ನು ಕಂಡು ಮಾತನಾಡುವರೋ ಅವರ ಮುಂದೆ ಗುಟ್ಟನ್ನು ಬಿಚ್ಚಲು ಹದಿನಾಲ್ಕು ವರ್ಷದ ಮಗುವಿಗೆ ಧೈರ್ಯ ಬರುವುದು ಕಷ್ಟ. ಅದರಲ್ಲಿಯೂ ದುಃಖದ ಕಾರಣ ಆ ತರಗತಿಯೊಳಗೇ ಇದ್ದರೆ ಹೇಳುವುದಾದರೂ ಯಾರಿಗೆ?

ಆದುದರಿಂದ ಈ ಪ್ರಯೋಗದಿಂದ ನಾವು ಗ್ರಹಿಸಬೇಕಾದ ತತ್ತ್ವವಿದು: ಪಾಠಪುಸ್ತಕದಲ್ಲಿ ಒಂದು ಅಧ್ಯಾಯವನ್ನು ಸೇರಿಸುವುದರಿಂದಾಗಲಿ, ಸುತ್ತೋಲೆಯನ್ನು ಹೊರಡಿಸುವುದರಿಂದಾಗಲಿ ಶಾಲೆಯ ಹವೆ ಬದಲಾಗದು. ಕೇಳುವುದಕ್ಕೆ ಪುರುಸೊತ್ತುಳ್ಳ, ಶಿಕ್ಷಿಸುವ ಅಧಿಕಾರವಿಲ್ಲದ, ಆ ಒಂದು ಕೆಲಸಕ್ಕೇ ಮೀಸಲಾದ ವ್ಯಕ್ತಿಯೊಬ್ಬರು ಅಲ್ಲಿರಬೇಕು. ಅಂಥವರು ದೊಡ್ಡ ಪದವಿಯನ್ನು ಪಡೆದಿರಲೇಬೇಕೆಂದಿಲ್ಲ. ತರಬೇತಿ ಮತ್ತು ಮೇಲ್ವಿಚಾರಣೆ ಇದ್ದರೆ ಸಾಕು.

ಬೇರೆಡೆಯ ಅನುಭವ

ಒಂದು ಜಿಲ್ಲೆಯ ಪ್ರಯೋಗದಿಂದ ಲೋಕಕ್ಕೆಲ್ಲ ಸಿದ್ಧಾಂತ ಕಟ್ಟಬಾರದೆಂಬ ಆಕ್ಷೇಪಣೆ ಸರಿಯಾದದ್ದೇ. ಬೇರೆ ಕಡೆಯ ಅನುಭವವನ್ನೂ ನೋಡೋಣ. ದೆಹಲಿಯ ಸರ್ಕಾರಿ ಶಾಲೆಗಳ 251 ವಿದ್ಯಾರ್ಥಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಷ್ಟದಲ್ಲಿದ್ದ ಎಲ್ಲರಿಗೂ ಸಚಿತ್ರ ಪುಸ್ತಿಕೆಗಳನ್ನು ಕೊಟ್ಟು, ಅರ್ಧದಷ್ಟು ಮಂದಿಗೆ ಅದರ ಜೊತೆಗೆ ತರಬೇತಿ ಪಡೆದ ಸಲಹೆಗಾರರೊಡನೆ ಕೆಲವು ಭೇಟಿಗಳನ್ನೂ ಏರ್ಪಡಿಸಿದರು. ಅಲ್ಲಿನ ವಿಧಾನ ಮೂರು ಮೆಟ್ಟಿಲಿನದು. ಮೊದಲು ಸಮಸ್ಯೆಯನ್ನು ಸ್ಪಷ್ಟವಾಗಿ ಹೆಸರಿಸುವುದು. ಆಮೇಲೆ ಇರುವ ದಾರಿಗಳನ್ನೆಲ್ಲ ಪಟ್ಟಿ ಮಾಡುವುದು. ಕೊನೆಗೆ ಒಂದನ್ನು ಆರಿಸಿ ಮಾಡಿನೋಡುವುದು. ಆರು ವಾರಗಳ ಬಳಿಕ, ಮಕ್ಕಳು ತಾವೇ ಹೆಸರಿಸಿದ್ದ ಕಷ್ಟಗಳ ಭಾರವು ಸಲಹೆಗಾರರಿದ್ದ ಗುಂಪಿನಲ್ಲಿ ಹೆಚ್ಚು ಇಳಿದಿತ್ತು. ಆದರೆ ಮಾನಸಿಕ ಲಕ್ಷಣಗಳ ಒಟ್ಟು ಅಂಕದಲ್ಲಿ ಆಗ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ಆಫ್ರಿಕದ ಕೆನ್ಯ ದೇಶದಲ್ಲಿ ನಡೆದ ಕೆಲಸವು ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ವಿಶೇಷವಾಗಿ ಮೆಚ್ಚುಗೆಯಾದೀತು. ಅಲ್ಲಿನ ‘ಶಮೀರಿ’ ಎಂಬ ಕಾರ್ಯಕ್ರಮದಲ್ಲಿ ಪ್ರೌಢಶಾಲೆಯ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕೂಡಿಸಿ ವಾರಕ್ಕೊಂದರಂತೆ ನಾಲ್ಕು ಸಭೆಗಳನ್ನು ನಡೆಸಿದವರು ಶಾಲೆ ಮುಗಿಸಿದ್ದ ತರುಣ ತರುಣಿಯರು. ಸ್ವಾಹಿಲಿ ಭಾಷೆಯಲ್ಲಿ ಶಮೀರಿ ಎಂದರೆ ಹುಲುಸಾಗಿ ಬೆಳೆಯುವುದು. 413 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬರಿಯ ಅಧ್ಯಯನ ಕ್ರಮವನ್ನು ಕಲಿತ ಗುಂಪಿಗಿಂತ ಈ ಗುಂಪಿನಲ್ಲಿ ಖಿನ್ನತೆ ಮತ್ತು ಆತಂಕಗಳು ಹೆಚ್ಚು ಇಳಿದುವು.

ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಮಾನಸಿಕ ಆರೋಗ್ಯವನ್ನು ಹಳ್ಳಿಗೆ ಕೊಂಡೊಯ್ಯುವ ಈ ವಿಚಾರವು ಕನ್ನಡನಾಡಿಗೆ ಹೊಸದಲ್ಲ. 1970ರ ದಶಕದಲ್ಲಿಯೇ ನಿಮ್ಹಾನ್ಸಿನವರು ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡುವ ಕ್ರಮವನ್ನು ರೂಪಿಸಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಜಿಲ್ಲೆಯಾದ್ಯಂತ ನಡೆಸಿನೋಡಿದರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆರೋಗ್ಯ ಕೇಂದ್ರಕ್ಕೆ ಆಗ ಇಟ್ಟ ಹೆಜ್ಜೆಯನ್ನು ಶಾಲೆಯ ಬಾಗಿಲಿಗೂ ಇಡಬೇಕೆಂಬುದೇ ನಾಲಂದಾದ ಸೂಚನೆ.

ಇದರ ಮಿತಿಗಳು

ಆಲಿಸುವುದರಿಂದ ಎಲ್ಲವೂ ಪರಿಹಾರವಾಗುವುದೆಂದು ನಾವು ಹೇಳುವುದಿಲ್ಲ. ಹಸಿದ ಮಗುವಿಗೆ ಬೇಕಾದುದು ಊಟ. ಸಾಲದ ಹೊರೆಗೆ ಹುಡುಗನನ್ನು ಶಾಲೆ ಬಿಡಿಸುವ ಮನೆಗೆ, ಹದಿನೈದಕ್ಕೇ ಹುಡುಗಿಯ ಮದುವೆ ಗೊತ್ತುಮಾಡುವ ಮನೆಗೆ ಬೇಕಾದುದು ನ್ಯಾಯ ಮತ್ತು ನೆರವು. ಜಾತಿಯ ಹೆಸರಿನಲ್ಲಿ ಬೇರೆ ಕೂರಿಸಲ್ಪಟ್ಟ ಮಗುವಿಗೆ ಸಮಾಧಾನದ ಮಾತನ್ನಷ್ಟೇ ಹೇಳುವುದು ಕ್ರೌರ್ಯವಾದೀತು. ಆದರೆ ಇಂತಹ ಕಷ್ಟ ಯಾವ ಮಗುವಿಗಿದೆ ಎಂಬುದು ತಿಳಿಯಬೇಕಾದರೂ ಮೊದಲು ಕೇಳುವವರೊಬ್ಬರು ಇರಬೇಕಷ್ಟೆ.

ತೀವ್ರವಾದ ಕಾಯಿಲೆಗೆ ಮನೋವೈದ್ಯರ ಚಿಕಿತ್ಸೆಯೇ ಬೇಕು. ಇಲ್ಲದ ದನಿಗಳು ಕೇಳಿಸುವುದು, ತಿಂಗಳುಗಟ್ಟಲೆ ನಿದ್ರೆಯಿಲ್ಲದಿರುವುದು, ಸಾಯುವ ಮಾತನ್ನಾಡುವುದು ಇವನ್ನು ಮಿತ್ರರು ಗುರುತಿಸಿ ಮುಂದಕ್ಕೆ ಕಳುಹಿಸಬೇಕೇ ಹೊರತು ತಾವೇ ವೈದ್ಯರಾಗಬಾರದು.

ನೀವು ಮಾಡಬಹುದಾದದ್ದು

ಪ್ರತಿ ಶಾಲೆಗೂ ಒಬ್ಬ ಮಿತ್ರರನ್ನು ನೇಮಿಸುವುದು ಸರ್ಕಾರ ಮತ್ತು ಸಮಾಜಗಳ ಹೊಣೆ, ವಿದ್ಯಾರ್ಥಿಗಳ ಕೈಯಲ್ಲಿಲ್ಲ. ಆದರೆ ಹವೆಯೆಂಬುದು ಎಲ್ಲರ ಉಸಿರಿನಿಂದಲೂ ಆದದ್ದು. ಸಹಪಾಠಿಯೊಬ್ಬನು ಕೆಲವು ವಾರಗಳಿಂದ ಮಂಕಾಗಿದ್ದರೆ ಅವನ ಬಳಿ ಕುಳಿತು, ಏನಾಗಿದೆಯೆಂದು ಕೇಳಿರಿ. ಅವನು ಹೇಳುವಾಗ ನಡುವೆ ಬಾಯಿ ಹಾಕಬೇಡಿರಿ. ‘ಇಷ್ಟೇ ತಾನೆ’ ಎನ್ನಬೇಡಿರಿ. ನಿಮ್ಮ ಕಥೆಯನ್ನು ಆರಂಭಿಸಬೇಡಿರಿ. ಕೇಳಿದ್ದನ್ನು ಇನ್ನೊಬ್ಬರ ಮುಂದೆ ಆಡಿಕೊಳ್ಳಬೇಡಿರಿ.

ಇದಕ್ಕೆ ಅಪವಾದ ಒಂದೇ. ಜೀವಕ್ಕೆ ಅಪಾಯವಿದೆ ಎಂದು ತೋರಿದರೆ, ಅಥವಾ ಯಾರೋ ಅವನನ್ನು ಹಿಂಸಿಸುತ್ತಿದ್ದಾರೆಂದು ತಿಳಿದರೆ, ಆ ಗುಟ್ಟನ್ನು ನಿಮ್ಮಲ್ಲೇ ಉಳಿಸಿಕೊಳ್ಳಬಾರದು. ನಂಬಿಕೆಗೆ ಅರ್ಹರಾದ ಹಿರಿಯರೊಬ್ಬರಿಗೆ ಒಡನೆ ತಿಳಿಸಬೇಕು. ‘ಸಾಯುವ ಯೋಚನೆ ಬರುತ್ತಿದೆಯೆ?’ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಬಿತ್ತಿದಂತಾಗುವುದೆಂದು ಅನೇಕರು ಅಂಜುತ್ತಾರೆ. ಸಂಶೋಧನೆಗಳು ಈ ಅಂಜಿಕೆಯನ್ನು ಸಮರ್ಥಿಸುವುದಿಲ್ಲ. ಪ್ರೀತಿಯಿಂದ ನೇರವಾಗಿ ಕೇಳುವುದು ಅಪಾಯವನ್ನು ಹೆಚ್ಚಿಸದು. ಹೇಳಲು ದಾರಿ ಮಾಡಿಕೊಡುತ್ತದೆ.

ಈ ಲೇಖನವನ್ನು ಓದುತ್ತಿರುವವರಲ್ಲಿಯೇ ಯಾರಾದರೂ ಇಂತಹ ಕತ್ತಲಲ್ಲಿದ್ದರೆ ಅವರು ಒಂದು ಸಂಖ್ಯೆಯನ್ನು ಗುರುತುಹಾಕಿಕೊಳ್ಳಲಿ: 14416. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಎಂಬ ಸರ್ಕಾರಿ ದೂರವಾಣಿ ಸೇವೆಯದು. ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಹದಿನೆಂಟು ವರ್ಷದೊಳಗಿನವರು ಯಾವುದೇ ಹಿಂಸೆಗೆ ಗುರಿಯಾದಾಗ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಬಹುದು.

ವಾಯುವಿನ ಒತ್ತಡವನ್ನು ಟಾರಿಚೆಲ್ಲಿಯು 1643ರಲ್ಲಿ ಪಾದರಸದ ಕೊಳವೆಯಿಂದ ಅಳೆದು ತೋರಿಸುವವರೆಗೆ, ತಮ್ಮ ಮೈಮೇಲೆ ಅಂತಹ ಭಾರವಿದೆಯೆಂಬುದನ್ನೇ ಜನರು ಅರಿತಿರಲಿಲ್ಲ. ಶಾಲೆಯ ಹವೆಯೂ ಮಕ್ಕಳ ಮೇಲೆ ಹಾಗೆಯೇ ಕಾಣದ ಭಾರವನ್ನು ಹೇರುತ್ತ ಬಂದಿದೆ. ಅದನ್ನು ಅಳೆಯಬಹುದೆಂದೂ, ಹಣವಿಲ್ಲದ ಜಿಲ್ಲೆಯಲ್ಲಿಯೂ ಹಗುರ ಮಾಡಬಹುದೆಂದೂ ಈಗ ತಿಳಿದಿದೆ. ತಿಳಿದ ಮೇಲೆ ಬೀಜವನ್ನೇ ದೂರುತ್ತ ಕೂರುವುದು ನಮಗೆ ಶೋಭಿಸದು.